ಗೋಲ್‌ಕೀಪರನ ಮನೆಗೆ ಮುಯ್ಯಾಳು

ಹುಟ್ಟಿದ ಊರಿನ ಕಸುಬಿಗೆ ಹೆದರುವವನು ಬೇರೆ ಯಾವ ಊರಿಗೆ ಹೋದರೂ ಧೈರ್ಯಶಾಲಿ ಎನಿಸಿಕೊಳ್ಳಲಾರ. ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ, ಐವತ್ತೆರಡು ವರ್ಷ ಬದುಕಿ ಹೇಳುತ್ತಿದ್ದೇನೆ. ನಮ್ಮೂರು ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯಲ್ಲಿದೆ. ಬಸ್ಸಿನ ಕಿಟಕಿಯಿಂದ ಯಾವ ಕಡೆ ನೋಡಿದರೂ ಹಿಪ್ಪುನೇರಳೆ ತೋಟ. ಇಳಿದು ಯಾವ ಮನೆಯ ಮುಂದೆ ನಿಂತರೂ ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು. ಇಂಥ ಊರಿನಲ್ಲಿ ಹುಟ್ಟಿದ ನನಗೆ ರೇಷ್ಮೆಹುಳು ಮುಟ್ಟಲು ಭಯ. ಭಯ ಎನ್ನುವ ಬದಲು ಮೈ ಜುಮ್ಮೆನ್ನುತ್ತದೆ ಎಂದರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ, ಆದ್ದರಿಂದ ಹಾಗೆಯೇ ಇಟ್ಟುಕೊಳ್ಳೋಣ. ಆರು ವರ್ಷದವನಿದ್ದಾಗ ಅಜ್ಜಿ ಪ್ರೀತಿಯಿಂದ ನನ್ನ ಅಂಗೈ ಮೇಲೆ ಒಂದು ದಪ್ಪ ಹುಳು ಇಟ್ಟಳು. ನಾನು ಕೈ ಒದರಿದ ರಭಸಕ್ಕೆ ಅದು ಗಾಳಿಯಲ್ಲಿ ಹಾರಿ, ಒಲೆಯ ಮೇಲೆ ಕುದಿಯುತ್ತಿದ್ದ ಹುರುಳಿಸಾರಿಗೆ ಬಿತ್ತು. ಆ ಮಧ್ಯಾಹ್ನ ಮನೆಮಂದಿಯೆಲ್ಲ ಮಜ್ಜಿಗೆಯಲ್ಲಿ ಮುದ್ದೆ ಉಂಡರು. ಅಂದಿನಿಂದ ನಾನು ಹುಳುಮನೆಯ ಹೊಸಿಲು ತುಳಿದವನಲ್ಲ.

ಹುಳು ಬೇಡವೆಂದವನಿಗೆ ನಮ್ಮ ಕಡೆ ಉಳಿಯುವುದು ಹಸು. ನಾನು ಬಿ.ಎ. ಮುಗಿಸಿ ಊರಿನ ಹಾಲಿನ ಡೇರಿಯ ಸೆಕ್ರೆಟರಿಯಾದೆ. ಈ ಕೆಲಸವನ್ನು ಹಗುರವಾಗಿ ಕಾಣಬೇಡಿ. ಊರಿನ ಅಷ್ಟೂ ಮನೆಯವರು ದಿನಕ್ಕೆ ಎರಡು ಸಲ ನನ್ನ ಕಿಟಕಿಯ ಮುಂದೆ ಕ್ಯಾನು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಪಂಚಾಯ್ತಿ ಅಧ್ಯಕ್ಷರ ಹಾಲಾದರೂ ಸರಿ, ಲ್ಯಾಕ್ಟೋಮೀಟರ್ ಮುಳುಗಿದರೆ ನಾನು ಹುಬ್ಬು ಮೇಲೇರಿಸುತ್ತೇನೆ, ಅವರು ತಲೆ ತಗ್ಗಿಸುತ್ತಾರೆ. ಮನೆಯಲ್ಲಿ ಮಾತ್ರ ಈ ಹುಬ್ಬು ನಡೆಯುವುದಿಲ್ಲ. ನನ್ನ ಹೆಂಡತಿ ಮಂಗಳ, ಲ್ಯಾಕ್ಟೋಮೀಟರ್ ಇಲ್ಲದೆಯೇ ನನ್ನಲ್ಲಿ ಎಷ್ಟು ನೀರಿದೆ ಎಂದು ಮದುವೆಯಾದ ವಾರದಲ್ಲೇ ಕಂಡುಹಿಡಿದವಳು.

ಡೇರಿಯ ಶೆಲ್ಫಿನ ಮೇಲೆ ಒಂದು ದೊಡ್ಡ ಹಿತ್ತಾಳೆ ಕಪ್ಪು ಇದೆ. ಅದರಲ್ಲಿ ಹಾಲಿನ ಸ್ಯಾಂಪಲ್ ಬಾಟಲಿಗಳನ್ನು ಇಡುತ್ತೇವೆ. ಹೊಸದಾಗಿ ಬರುವ ಟ್ಯಾಂಕರ್ ಚಾಲಕರು ಅದನ್ನು ಡೇರಿಗೆ ಬಂದ ಬಹುಮಾನವೆಂದು ತಿಳಿಯುತ್ತಾರೆ. ನಿಜವಾಗಿ ಅದು ಕೈಲಾಂಚ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬು ಗೆದ್ದ ಕಪ್ಪು. ಒಂದೂರಿನಲ್ಲಿ ಆರು ಆಟಗಾರರು, ಪಕ್ಕದ ಊರಿನಲ್ಲಿ ಐದು ಆಟಗಾರರು ಇದ್ದು, ಎರಡೂ ಊರು ಒಂದಾಗದೆ ಹನ್ನೊಂದು ಆಗುವಂತಿರಲಿಲ್ಲವಾದ್ದರಿಂದ ಯುನೈಟೆಡ್ ಎಂಬ ಹೆಸರು ತಾನಾಗಿ ಬಂತು. ನನ್ನ ಹರೆಯದಲ್ಲಿ ಈ ಟೀಮು ಎಂದರೆ ಕನಕಪುರ, ಮಾಗಡಿ ಕಡೆಯವರೂ ಎದ್ದು ನಿಲ್ಲುತ್ತಿದ್ದರು. ಕೆರೆಯಂಗಳದಲ್ಲಿ ಬರಿಗಾಲಲ್ಲಿ ಕಲಿತ ಹುಡುಗರು ಶೂ ಹಾಕಿದವರನ್ನು ಸೋಲಿಸಿ, ಆ ಕಪ್ಪನ್ನು ಲಾರಿಯ ಬಾನೆಟ್ಟಿನ ಮೇಲಿಟ್ಟುಕೊಂಡು ಊರಿಗೆ ಬಂದ ದಿನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಟೀಮಿನಲ್ಲಿ ನಾನೂ ಇದ್ದೆ. ಏನಾಗಿ ಇದ್ದೆ ಎಂದು ಕೇಳಬೇಡಿ. ಕೇಳಿದಿರಾ? ಆಟಗಾರರ ಚಪ್ಪಲಿ, ವಾಚು, ಅಂಗಿಗಳನ್ನು ಕಾಯುತ್ತಿದ್ದೆ. ಒಂದು ಪಂದ್ಯದಲ್ಲೂ ಒಂದು ಚಪ್ಪಲಿಯೂ ಕಳೆದಿಲ್ಲ. ಈ ದಾಖಲೆಯನ್ನು ಕಪ್ಪಿನ ಮೇಲೆ ಕೆತ್ತಿಸಿಲ್ಲ, ಅಷ್ಟೇ.

ಅಂಥ ಕ್ಲಬ್ಬು ಈಚೆಗೆ ಇಳಿಜಾರು ಹಿಡಿಯಿತು. ಮೊದಮೊದಲು ಒಂದು ಗೋಲಿನಿಂದ ಸೋಲುತ್ತಿದ್ದರು, ಆಮೇಲೆ ನಾಲ್ಕರಿಂದ. ಅದಾದರೂ ಸರಿ, ಸೋಲಲು ಮೈದಾನಕ್ಕೆ ಹೋಗುತ್ತಿದ್ದರಲ್ಲ! ಕಳೆದ ವರ್ಷ ಹೋಗುವುದನ್ನೂ ಬಿಟ್ಟರು. ಜಿಲ್ಲೆಯ ಪಂದ್ಯಾವಳಿಯಲ್ಲಿ ಎರಡು ಸಲ ನಮ್ಮ ಕಡೆಯಿಂದ ಏಳು ಜನರೂ ಸೇರಲಿಲ್ಲವೆಂದು ಎದುರಾಳಿಗಳಿಗೆ ಆಟವಿಲ್ಲದೆಯೇ ಗೆಲುವು ಕೊಟ್ಟರು. ಎರಡು ಸಲವೂ ತಪ್ಪದೆ ಹೋಗಿ ನಿಂತವನು ಇಮ್ರಾನ್ ಒಬ್ಬನೇ. ಅವನು ನಮ್ಮ ಕ್ಯಾಪ್ಟನ್, ರಾಮನಗರದಲ್ಲಿ ಅವರ ಮನೆಯವರದು ರೇಷ್ಮೆಗೂಡು ಕೊಂಡು ನೂಲು ಬಿಚ್ಚುವ ಘಟಕ. ಬೂಟು, ಸಾಕ್ಸು, ತೋಳಿಗೆ ಕ್ಯಾಪ್ಟನ್ ಪಟ್ಟಿ ಎಲ್ಲ ಹಾಕಿಕೊಂಡು ನಡುಮೈದಾನದಲ್ಲಿ ಒಬ್ಬನೇ ನಿಂತು, ಎದುರಾಳಿ ಕ್ಯಾಪ್ಟನ್ ಜೊತೆ ನಾಣ್ಯ ಚಿಮ್ಮಿ ಟಾಸ್ ಗೆದ್ದು, ರೆಫರಿ ಗಡಿಯಾರ ನೋಡಿ ಮುಗಿಯಿತೆಂದ ಮೇಲೆ ಕೈಕುಲುಕಿ ಬಂದನಂತೆ. ಇದನ್ನು ಕೇಳಿ ಊರೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಹುಡುಗರು ಮೊಬೈಲಿನಲ್ಲಿ ಯಾವುದೋ ಸೀಮೆಯ ದೊಡ್ಡ ಕ್ಲಬ್ಬು ಮುಳುಗುತ್ತಿರುವುದನ್ನು ನೋಡಿ, ಅದಕ್ಕೆ ಎಂಥ ಮ್ಯಾನೇಜರ್ ಬರಬೇಕೆಂದು ಡೇರಿ ಕಟ್ಟೆಯ ಮೇಲೆ ಜಗಳವಾಡುತ್ತಿದ್ದರು. ಪಕ್ಕದ ಶೆಲ್ಫಿನ ಮೇಲೆ ನಮ್ಮದೇ ಕಪ್ಪು ಬಾಟಲಿ ಹೊತ್ತು ನಿಂತಿದ್ದು ಯಾರಿಗೂ ಕಾಣುತ್ತಿರಲಿಲ್ಲ.

ಕೊನೆಗೆ ಪಂದ್ಯಾವಳಿಯ ಸಮಿತಿಯಿಂದ ಒಂದು ಕಾಗದ ಬಂತು. ಇನ್ನೊಂದು ಸಲ ತಂಡ ಮೈದಾನಕ್ಕೆ ಬಾರದಿದ್ದರೆ ಕೈಲಾಂಚ ಯುನೈಟೆಡ್ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು, ಆಮೇಲೆ ಆ ಹೆಸರಿನಲ್ಲಿ ಯಾರೂ ಆಡುವಂತಿಲ್ಲ, ಎಂಬುದು ಅದರ ಸಾರಾಂಶ. ಇಷ್ಟು ವರ್ಷ ಮ್ಯಾನೇಜರಾಗಿದ್ದ ಬೋರಣ್ಣ ಮಂಡಿನೋವಿನ ನೆಪ ಹೇಳಿ ಕೊರಳಿನ ವಿಷಲ್ ಬಿಚ್ಚಿ ನನ್ನ ಮೇಜಿನ ಮೇಲಿಟ್ಟ. ಯಾಕೆ ನನಗೆ ಎಂದು ಕೇಳಿದೆ. “ಈ ಊರಲ್ಲಿ ಜನ ಟೈಮಿಗೆ ಸರ್ಯಾಗಿ ಬರೋದು ನಿನ್ ಕಿಟ್ಕಿ ಮುಂದಕ್ಕೆ ಮಾತ್ರ ಕಣ್ಲಾ. ಬರ್ಸೋ ವಿದ್ಯೆ ನಿಂಗೆ ಗೊತ್ತೈತೆ,” ಎಂದ. ಹೊಗಳಿಕೆ ಕೇಳಿದ ಮನುಷ್ಯ ಬೇಡ ಎನ್ನುವುದು ಹೇಗೆ? ವಿಷಲ್ ಕೊರಳಿಗೆ ಹಾಕಿಕೊಂಡು ಮನೆಗೆ ಹೋದೆ. ಮಂಗಳ ನೋಡಿ, ಇದೇನು ಟ್ರಾಫಿಕ್ ಪೊಲೀಸ್ ಕೆಲಸ ಸಿಕ್ಕಿತೋ ಎಂದು ಕೇಳಿದಳು. ಚೆಂಡನ್ನು ಒಂದು ಸಲವೂ ಒದೆಯದವನು ಹನ್ನೊಂದು ಜನಕ್ಕೆ ಒದೆಯುವುದನ್ನು ಕಲಿಸಲು ಹೊರಟಿರುವುದು ಅವಳಿಗೆ ಆ ವಾರದ ಮನರಂಜನೆಯಾಯಿತು.

ಹೊಸ ಮ್ಯಾನೇಜರು ಮೊದಲು ಏನು ಮಾಡುತ್ತಾನೆ? ಭಾಷಣ ಮಾಡುತ್ತಾನೆ. ನಾನೂ ಮಾಡಿದೆ. ಶಿಸ್ತು, ಸಂಕಲ್ಪ, ಪರಂಪರೆ ಎಂಬ ಮೂರು ಮಾತುಗಳನ್ನು ತಿರುಗಿಸಿ ಮುರುಗಿಸಿ ಅರ್ಧ ಗಂಟೆ ಹೇಳಿದೆ. ಕಪ್ಪಿನಿಂದ ಬಾಟಲಿಗಳನ್ನು ತೆಗೆದು, ಹುಣಸೆಹಣ್ಣು ಹಾಕಿ ತಿಕ್ಕಿಸಿ ಎಲ್ಲರ ಎದುರಿಗಿಟ್ಟೆ. ಹಾಜರಿ ಪುಸ್ತಕ ತೆರೆದೆ. ನೋವು ಕಳೆಯುವ ಸ್ಪ್ರೇ ಬಾಟಲಿ ತಂದು, ಯಾರಿಗೂ ನೋವಾಗದ ಕಾರಣ ನನ್ನ ಸೊಂಟಕ್ಕೇ ಹೊಡೆದುಕೊಂಡೆ. ಮೊದಲ ವಾರ ಹನ್ನೊಂದೂ ಜನ ಅಭ್ಯಾಸಕ್ಕೆ ಬಂದರು. ಎರಡನೆಯ ವಾರ ಎಂಟು. ಮೂರನೆಯ ವಾರ ನಾನು, ಇಮ್ರಾನ್ ಮತ್ತು ಮೈದಾನದಲ್ಲಿ ಮೇಯುತ್ತಿದ್ದ ಎರಡು ಎಮ್ಮೆ. ಹಾಜರಿ ಪುಸ್ತಕದಲ್ಲಿ ಉಳಿದವರಿಗೆಲ್ಲ ಕೆಂಪು ಶಾಯಿಯಲ್ಲಿ ಗೈರು ಬರೆದೆ. ಹುಡುಗರಿಗೆ ಅಭಿಮಾನ ಸತ್ತಿದೆ ಎಂದು ಇಮ್ರಾನ್ ಎದುರಿಗೆ ಕೂಗಾಡಿದೆ. ಅವನು ಬೂಟಿನ ಲೇಸು ಬಿಚ್ಚುತ್ತ, “ಅಭಿಮಾನ ಐತೆ ಅಣ್ಣ. ಎಲ್ಲರ್ ಮನೇಲೂ ಹುಳ ಹಣ್ಣಾಗೈತೆ, ಎಲ್ಲಿಂದ ಬತ್ತಾರೆ?” ಎಂದ.

ಪಟ್ಟಣದ ಇಮ್ರಾನ್‌ಗೆ ಗೊತ್ತಿದ್ದದ್ದು ಹುಳುವಿನ ಊರಿನಲ್ಲೇ ಹುಟ್ಟಿದ ನನಗೆ ಹೊಳೆದಿರಲಿಲ್ಲ. ಹುಳುಮನೆಗೆ ಕಾಲಿಡದವನ ಹಣೆಬರಹವೇ ಇಷ್ಟು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರೇಷ್ಮೆಹುಳು ಸೊಪ್ಪು ತಿಂದೂ ತಿಂದೂ ಒಂದು ದಿನ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಗಾಜಿನಂತೆ ತಿಳಿಯಾಗಿ, ತಲೆ ಎತ್ತಿ ಅತ್ತಿತ್ತ ನೋಡತೊಡಗುತ್ತದೆ. ಅದನ್ನೇ ಹಣ್ಣಾಗುವುದು ಎನ್ನುತ್ತಾರೆ. ಆ ದಿನ ಒಂದೊಂದೇ ಹುಳುವನ್ನು ಕೈಯಿಂದ ಆಯ್ದು ಚಂದ್ರಂಕಿ ಎಂಬ ಬಿದಿರಿನ ಸುರುಳಿತಟ್ಟೆಗೆ ಬಿಡಬೇಕು, ಅದು ಅಲ್ಲಿ ಗೂಡು ಕಟ್ಟುತ್ತದೆ. ಬಿಡದಿದ್ದರೆ ಕಸದಲ್ಲೇ ಕಟ್ಟಿ, ಒಂದು ತಿಂಗಳ ದುಡಿಮೆ ಕಸವಾಗುತ್ತದೆ. ಆ ದಿನ ಮನೆಯ ಒಂದು ಜೊತೆ ಕೈಯೂ ಹೊರಗೆ ಹೋಗುವಂತಿಲ್ಲ. ನೆಂಟರ ಮದುವೆಯಿದ್ದರೂ ಊಟದ ಹೊತ್ತಿಗೆ ಒಬ್ಬರು ಹೋಗಿ ಮುಯ್ಯಿ ಕೊಟ್ಟು ಬರುತ್ತಾರೆ, ಅಷ್ಟೇ. ನನ್ನ ಹರೆಯದಲ್ಲಿ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಮೊಟ್ಟೆಯೊಡೆದು, ಒಂದೊಂದು ದಿನ ಹಣ್ಣಾಗುತ್ತಿತ್ತು. ಇಬ್ಬರು ತಪ್ಪಿಸಿಕೊಂಡರೆ ಇನ್ನಿಬ್ಬರು ಆಡುತ್ತಿದ್ದರು. ಈಗ ಎಲ್ಲರೂ ಚಾಕಿ ತರುತ್ತಾರೆ, ಎಂದರೆ ಸಾಕುವ ಕೇಂದ್ರದವರು ಎಳೆಯ ಹಂತ ದಾಟಿಸಿ ಕೊಡುವ ಮರಿಹುಳು. ಒಂದೇ ಗಾಡಿ, ಒಂದೇ ದಿನ, ಊರಿಗೆಲ್ಲ ಒಂದೇ ವಯಸ್ಸಿನ ಹುಳು. ಹಾಗಾಗಿ ಗೋಲ್‌ಕೀಪರನಿಂದ ಹಿಡಿದು ಸೆಂಟರ್ ಫಾರ್ವರ್ಡ್‌ವರೆಗೆ ಎಲ್ಲರ ಮನೆಯ ಹುಳುವೂ ಒಂದೇ ದಿನ ತಲೆ ಎತ್ತುತ್ತಿತ್ತು. ನಮ್ಮ ಟೀಮು ಸೋತದ್ದು ಕಾಲಿನಿಂದಲ್ಲ. ನಾನು ಆ ಸಂಜೆ ಹಾಜರಿ ಪುಸ್ತಕದ ಕೆಂಪು ಶಾಯಿಯನ್ನು ನೋಡಿ ನಾಚಿಕೊಂಡೆ.

ನಾಚಿಕೆಯಾದ ಮೇಲೆ ಬುದ್ಧಿ ಬರಬೇಕು, ನನಗೆ ಅತಿಬುದ್ಧಿ ಬಂತು. ಮುಂದಿನ ಪಂದ್ಯ ಒಂದು ಭಾನುವಾರ ಮಧ್ಯಾಹ್ನ, ಚನ್ನಪಟ್ಟಣದಲ್ಲಿ, ಅಲ್ಲಿನ ಬೊಂಬೆ ಮಾಡುವವರ ತಂಡದ ಮೇಲೆ. ಅವರ ಬೊಂಬೆಗಳು ಸೊಪ್ಪು ಕೇಳುವುದಿಲ್ಲ, ಹಣ್ಣೂ ಆಗುವುದಿಲ್ಲ. ಭಾನುವಾರ ಬಂತೆಂದರೆ ಹನ್ನೊಂದು ಜನ ಬೂಟು ಹಾಕಿ ನಿಂತಿರುತ್ತಾರೆ. ನಾನು ಕ್ಯಾಲೆಂಡರ್ ಸುತ್ತಿ ಕಂಕುಳಲ್ಲಿಟ್ಟುಕೊಂಡು ಚಾಕಿ ಕೇಂದ್ರಕ್ಕೆ ಹೋದೆ. ಅಲ್ಲಿಯವರಿಗೆ ಕ್ಲಬ್ಬಿನ ಕಥೆ ಹೇಳಿ, ನಮ್ಮ ಆಟಗಾರರ ಮನೆಗಳಿಗೆ ಎರಡು ಕಂತಿನಲ್ಲಿ ಹುಳು ಕೊಡಲು ಒಪ್ಪಿಸಿದೆ. ಮೊದಲ ಕಂತು ಐದು ಮನೆಗೆ. ಅವು ಪಂದ್ಯಕ್ಕೆ ವಾರ ಮುಂಚೆಯೇ ಗೂಡು ಬಿಡಿಸಿ ಮುಗಿಯಬೇಕು. ಎರಡನೆಯ ಕಂತು ಉಳಿದ ಐದು ಮನೆಗೆ. ಅವು ಪಂದ್ಯ ಮುಗಿದ ಬುಧವಾರ ಹಣ್ಣಾಗಬೇಕು. ಇಮ್ರಾನ್ ಸೇರಿ ಹನ್ನೊಂದು ಜನ. ಕ್ಯಾಲೆಂಡರಿನಲ್ಲಿ ಹಸಿರು ಶಾಯಿಯಲ್ಲಿ ಗುರುತು ಹಾಕಿ ಡೇರಿಯ ಗೋಡೆಗೆ ಅಂಟಿಸಿದೆ. ಜಗತ್ತಿನ ಯಾವ ಮ್ಯಾನೇಜರೂ ಇಂಥ ಯೋಜನೆ ಹಾಕಿರಲಾರ ಎಂದು ಮಂಗಳನ ಮುಂದೆ ಎರಡು ಸಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, ಹುಳುವಿಗೆ ಕ್ಯಾಲೆಂಡರ್ ಓದಲು ಬರುತ್ತದೆಯೇ ಎಂದು ಕೇಳಿದಳು.

ಬರುವುದಿಲ್ಲ. ಹಾಲಾದರೆ ಬೆಳಿಗ್ಗೆ ಆರಕ್ಕೆ ಎಂದರೆ ಆರಕ್ಕೆ ಬರುತ್ತದೆ. ಹುಳು ಹಾಗಲ್ಲ, ಅದು ಬಿಸಿಲನ್ನು ನೋಡಿಕೊಂಡು ಬೆಳೆಯುತ್ತದೆ. ನಾನು ಚಳಿಗಾಲದ ಲೆಕ್ಕ ಹಿಡಿದು ದಿನ ಎಣಿಸಿದ್ದೆ. ಆ ಸಲ ಶಿವರಾತ್ರಿಗೂ ಕಾಯದೆ ಚಳಿ ಓಡಿಹೋಯಿತು. ರಾಮನಗರದ ಬಂಡೆಗಳು ಕಾದು, ಊರಿಗೆ ಊರೇ ಬಾಣಲೆಯಾಯಿತು. ಬಿಸಿಲಿಗೆ ಹುಳುಗಳು ಹಸಿದು ಹಗಲಿರುಳು ಮೇದು ಮೂರು ದಿನ ಮುಂಚೆಯೇ ಬಲಿತವು. ಶನಿವಾರ ಬೆಳಿಗ್ಗೆ ಹಾಲು ಹಾಕಲು ಬಂದ ಎರಡನೆಯ ಕಂತಿನವರೆಲ್ಲ ಒಂದೇ ಮಾತು ಹೇಳಿದರು: ನಾಳೆ ಹಣ್ಣು. ಗೋಡೆಯ ಮೇಲಿನ ಹಸಿರು ಶಾಯಿ ನನ್ನನ್ನು ನೋಡಿ ಹಲ್ಲುಕಿರಿಯಿತು. ನನ್ನ ಬಳಿ ಉಳಿದದ್ದು ಮೊದಲ ಕಂತಿನ ಐವರು ಮತ್ತು ಇಮ್ರಾನ್, ಒಟ್ಟು ಆರು. ನಿಯಮದ ಪ್ರಕಾರ ಕಡೇ ಪಕ್ಷ ಏಳು ಬೇಕು. ಒಂದು ತಲೆಯ ಕೊರತೆಗೆ ಕ್ಲಬ್ಬಿನ ಹೆಸರು ಅಳಿಯುವುದಿತ್ತು. ಅದೂ ನನ್ನ ಕೈಯಲ್ಲಿ, ಇಷ್ಟು ವರ್ಷ ಒಂದು ಚಪ್ಪಲಿಯನ್ನೂ ಕಳೆಯದ ನನ್ನ ಕೈಯಲ್ಲಿ. ಮಧ್ಯಾಹ್ನ ನನಗೆ ಅನ್ನ ಇಳಿಯಲಿಲ್ಲ. ನಾನು ಅಳುತ್ತಿದ್ದೆ ಎಂದು ಮಂಗಳ ಆಮೇಲೆ ಹೇಳಿಕೊಂಡು ತಿರುಗಿದಳು. ಅದು ಈರುಳ್ಳಿ.

ಊಟದ ತಟ್ಟೆ ಎತ್ತುತ್ತ ಅವಳೇ ದಾರಿ ತೋರಿಸಿದಳು. ರಾಗಿ ಕುಯ್ಲಿಗೆ ಜನ ಸಾಲದೆ ಬಂದಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಮುಯ್ಯಾಳು. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಆಳಿಗೆ ಆಳು, ದಿನಕ್ಕೆ ದಿನ. ಮೊದಲ ಕಂತಿನ ಮನೆಗಳಲ್ಲಿ ಗೂಡು ಮಾರಿ ಕೈ ಖಾಲಿ ಕೂತಿದ್ದಾರಲ್ಲ, ಅವರ ಮನೆಯವರು ಎರಡನೆಯ ಕಂತಿನ ಮನೆಗಳಿಗೆ ಹೋಗಲಿ ಎಂದಳು. ಇದು ನನಗೇಕೆ ಹೊಳೆಯಲಿಲ್ಲವೋ! ಆ ಸಂಜೆ ಹಾಲಿನ ಸಾಲು ನಿಂತಾಗ ನಾನು ತೊಟ್ಟು ಹಾಲನ್ನೂ ಅಳೆಯದೆ ಸ್ಟೂಲಿನ ಮೇಲೆ ಹತ್ತಿದೆ. ಈ ಸಲ ಶಿಸ್ತು, ಸಂಕಲ್ಪ ಯಾವುದನ್ನೂ ಹೇಳಲಿಲ್ಲ. ಕಪ್ಪನ್ನು ಕೈಯಲ್ಲಿ ಹಿಡಿದು, ನಾಳೆ ನಾಲ್ಕೈದು ಜನ ಮುಯ್ಯಾಳು ಸಿಗದಿದ್ದರೆ ಇದರಲ್ಲಿ ಇನ್ನು ಮುಂದೆ ಸ್ಯಾಂಪಲ್ ಬಾಟಲಿ ಮಾತ್ರ ಎಂದಷ್ಟೇ ಹೇಳಿದೆ. ಆಮೇಲೆ ಮೊದಲ ಕಂತಿನ ಮನೆಯ ಹೆಂಗಸರೇ ಒಬ್ಬೊಬ್ಬರಾಗಿ ನಾನು ಇಂಥವರ ಮನೆಗೆ, ನಾನು ಇಂಥವರ ಮನೆಗೆ ಎಂದರು. ಬೋರಣ್ಣನೂ ಮಂಡಿನೋವು ಮರೆತು ಕೈ ಎತ್ತಿದ. ಆ ಸಂಜೆ ನನ್ನ ಊರಿನ ಮೇಲೆ ನನಗೆ ಎಷ್ಟು ಅಭಿಮಾನ ಬಂತೆಂದರೆ, ಯಾರ ಹಾಲಿಗೂ ಲ್ಯಾಕ್ಟೋಮೀಟರ್ ಇಳಿಬಿಡಲಿಲ್ಲ. ಮಾರನೆಯ ದಿನ ಟ್ಯಾಂಕರಿನವರು ಬೈದರು, ಅದು ಬೇರೆ ಮಾತು.

ನಾಲ್ಕು ಮನೆಗೆ ವ್ಯವಸ್ಥೆಯಾಯಿತು. ಉಳಿದದ್ದು ಗೋಲ್‌ಕೀಪರ್ ಸಿದ್ದರಾಜುವಿನ ಮನೆ. ಅವನ ಅಪ್ಪ ಬಸ್ ಕಂಡಕ್ಟರ್, ಭಾನುವಾರ ಡ್ಯೂಟಿ. ತಾಯಿ ಪುಟ್ಟತಾಯಮ್ಮ ಇಡೀ ಹೋಬಳಿಯಲ್ಲಿ ಹುಳು ಸಾಕುವುದರಲ್ಲಿ ಹೆಸರಾದವರು. ಅವರ ಗೂಡು ಮಾರುಕಟ್ಟೆಗೆ ಹೋದರೆ ಇಮ್ರಾನ್ ಅವರಪ್ಪ ಕೂತಲ್ಲಿಂದ ಎದ್ದು ಬಂದು ನೋಡುತ್ತಾರಂತೆ. ನಾನು ಅವರ ಬಾಗಿಲಿಗೆ ಹೋಗಿ, ಮುಯ್ಯಾಳಾಗಿ ಬೋರಣ್ಣನನ್ನು ಕಳಿಸುವುದಾಗಿ ಹೇಳಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನನ್ ಮಗನ್ನ ಕೇಳ್ತಿರೋರು ಯಾರು, ಬೋರಣ್ಣನಾ ನೀವಾ?”

ನಾನು ಎಂದೆ.

“ಹಂಗಾರೆ ಮುಯ್ಯಿಗೂ ನೀವೇ ಬರ್ಬೇಕು. ಆಳಿಗೆ ಆಳು. ಕೇಳ್ದೋರೇ ಬರೋದು ಮರ್ಯಾದೆ.”

ನಾನು ಮ್ಯಾನೇಜರು, ಮೈದಾನದಲ್ಲಿ ಇರಬೇಕಲ್ಲ ಎಂದೆ. ಅಲ್ಲಿ ನಿಂತು ನಾನೇನು ಮಾಡುತ್ತೇನೆಂದು ಕೇಳಿದರು. ನಾನು ಮಾತು ತಿರುಗಿಸಿ, ಸೊಂಟನೋವು ಎಂದೆ. ಆಗ ಪುಟ್ಟತಾಯಮ್ಮ ಮೆಲ್ಲಗೆ, “ಸೆಕ್ರೆಟ್ರಿ, ಹುರುಳಿಸಾರಿಗೆ ಹುಳ ಎಸ್ದಿದ್ದು ಗೊತ್ತೈತೆ. ನಿಮ್ಮಜ್ಜಿ ಅವತ್ತು ನಮ್ಮನೆಗೇ ಬಂದು ಮಜ್ಗೆ ಈಸ್ಕಂಡೋದ್ರು. ಎದ್ರುಕೋಬೇಡಿ, ಅದು ಕಚ್ಚಕಿಲ್ಲ,” ಎಂದರು. ನಲವತ್ತಾರು ವರ್ಷ ಗುಟ್ಟೆಂದು ಕಾಪಾಡಿಕೊಂಡದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿಯಾಗಿತ್ತು. ಇನ್ನು ಮುಚ್ಚಿಡಲು ಏನೂ ಇಲ್ಲದಿದ್ದರಿಂದ ಒಪ್ಪಿಕೊಂಡೆ.

ಭಾನುವಾರ ಬೆಳಿಗ್ಗೆ ವಿಷಲನ್ನು ಬೋರಣ್ಣನಿಗೆ ಕೊಟ್ಟೆ. ಹುಡುಗರು ಗೂಡು ಸಾಗಿಸುವ ಟೆಂಪೊ ಹತ್ತಿದರು. ಹನ್ನೊಂದು ಜನ. ನಾನು ಎರಡು ಸಲ ಎಣಿಸಿದೆ. ಟೆಂಪೊ ಕೆರೆ ಏರಿ ದಾಟುವವರೆಗೆ ನಿಂತಿದ್ದು, ಸಿದ್ದರಾಜುವಿನ ಮನೆಗೆ ಹೋದೆ. ಹೊಸಿಲಲ್ಲೇ ಪುಟ್ಟತಾಯಮ್ಮ ಮೂಗು ಮುಚ್ಚಿಕೊಂಡು ತಡೆದರು. ಧೈರ್ಯಕ್ಕೆಂದು ಸೊಂಟಕ್ಕೆ ನೋವಿನ ಸ್ಪ್ರೇ ಹೊಡೆದುಕೊಂಡು ಹೋಗಿದ್ದೆ. ಈ ಘಾಟಿಗೆ ನನ್ನ ಹುಳುಗಳು ಗೂಡು ಕಟ್ಟುವುದಿರಲಿ, ಊರು ಬಿಟ್ಟು ಹೋಗುತ್ತವೆ ಎಂದು ಬಚ್ಚಲು ತೋರಿಸಿದರು. ಸ್ನಾನ ಮಾಡಿಸಿ, ಕಂಡಕ್ಟರ್ ಸಾಹೇಬರ ಲುಂಗಿ ಉಡಿಸಿ, ಔಷಧಿ ನೀರಿನಲ್ಲಿ ಕೈಕಾಲು ತೊಳೆಸಿ ಒಳಗೆ ಬಿಟ್ಟರು. ಚಪ್ಪಲಿ ಮತ್ತು ಮೊಬೈಲು ಹೊರಗಿನ ಜಗಲಿಯ ಮೇಲೆ ಉಳಿದವು. ಜೀವಮಾನದಲ್ಲಿ ಮೊದಲ ಸಲ ನನ್ನ ಚಪ್ಪಲಿ ಕಾಯಲು ಯಾರೂ ಇರಲಿಲ್ಲ.

ಒಳಗೆ ನೋಡಿದರೆ ಸಾವಿರಾರು ಹುಳುಗಳು ಒಟ್ಟಿಗೆ ತಲೆ ಎತ್ತಿ ನನ್ನನ್ನೇ ನೋಡುತ್ತಿವೆ. ಪುಟ್ಟತಾಯಮ್ಮ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಇದು ಹಣ್ಣು, ಇದು ಕಾಯಿ ಎಂದು ತೋರಿಸಿ, ನನ್ನ ಅಂಗೈ ಹಿಡಿದು ಅದರ ಮೇಲಿಟ್ಟರು. ಥೇಟ್ ನಮ್ಮಜ್ಜಿ ಇಟ್ಟ ಹಾಗೆ. ನಾನು ಕಣ್ಣು ಮುಚ್ಚಿದೆ. ಹುರುಳಿಸಾರು ನೆನಪಾಯಿತು. ಟೆಂಪೊದಲ್ಲಿ ಕೂತಿದ್ದ ಹನ್ನೊಂದು ತಲೆಗಳೂ ನೆನಪಾದವು. ಕೈ ಒದರಲಿಲ್ಲ. ಹುಳು ತಣ್ಣಗೆ, ಮೆತ್ತಗೆ, ತನ್ನ ಪಾಡಿಗೆ ತಾನಿತ್ತು. ಹಸುವಿನ ಮೂಗಿನ ಹಾಗೆ. ಮೊದಲ ಚಂದ್ರಂಕಿ ತುಂಬಲು ನನಗೆ ಒಂದು ಗಂಟೆ ಬೇಕಾಯಿತು. ಅಷ್ಟರಲ್ಲಿ ಪುಟ್ಟತಾಯಮ್ಮ ಐದು ತುಂಬಿ, ನನ್ನದರಲ್ಲಿ ಸೇರಿದ್ದ ಕಾಯಿಹುಳುಗಳನ್ನೂ ಹೆಕ್ಕಿ ವಾಪಸು ಹಾಕಿದರು. ನಾನು ಮನೆಮನೆಯ ಹಾಲಿನಲ್ಲಿ ನೀರು ಹಿಡಿಯುವವನು; ಅವರು ನನ್ನ ಚಂದ್ರಂಕಿಯಲ್ಲಿ ಕಾಯಿ ಹಿಡಿದರು. ಎರಡೂ ಒಂದೇ ಬಗೆಯ ಹುಬ್ಬು, ಅದನ್ನು ಈ ಕಡೆಯಿಂದ ನೋಡಿದಾಗ ಹೇಗಿರುತ್ತದೆಂದು ಆ ದಿನ ಗೊತ್ತಾಯಿತು.

ಮೂರು ಗಂಟೆ ದಾಟಿದ ಮೇಲೆ ಜಗಲಿಯ ಮೇಲೆ ಮೊಬೈಲು ಹೊಡೆದುಕೊಳ್ಳಲು ಶುರುವಾಯಿತು. ಪಂದ್ಯ ನಡೆಯುತ್ತಿದೆ. ಹೊರಗೆ ಹೋದರೆ ಮತ್ತೆ ಸ್ನಾನ, ಮತ್ತೆ ಲುಂಗಿ, ಮತ್ತೆ ಔಷಧಿ ನೀರು. ಅಷ್ಟು ಹೊತ್ತಿಗೆ ನೂರಾರು ಹುಳು ಕಸದಲ್ಲಿ ನೂಲು ಬಿಟ್ಟಿರುತ್ತವೆ. ಪುಟ್ಟತಾಯಮ್ಮ ನನ್ನ ಮುಖವನ್ನೂ ನೋಡಿದರು, ಹುಳುವನ್ನೂ ನೋಡಿದರು. ಮೊದಲ ಸಲ ಹೊಡೆದುಕೊಂಡಾಗ ನಾವು ಗೋಲು ಹಾಕಿದೆವೆಂದುಕೊಂಡೆ. ಎರಡನೆಯ ಸಲ, ಅವರು ಹಾಕಿದರು. ಮೂರನೆಯ ಸಲ ಹೊಡೆದುಕೊಂಡಾಗ ಸಿದ್ದರಾಜುವಿಗೆ ಪೆಟ್ಟಾಯಿತೇನೋ ಎಂದು ಮನಸ್ಸಿಗೆ ಬಂತು, ತಾಯಿಯ ಎದುರಿಗೆ ಬಾಯಿಬಿಡಲಿಲ್ಲ. ನಾಲ್ಕನೆಯ ಸಲ ಬಹಳ ಹೊತ್ತು ಹೊಡೆದುಕೊಂಡು ನಿಂತಿತು. ನನ್ನ ಕೈ ಮಾತ್ರ ಹುಳುವಿನಿಂದ ಚಂದ್ರಂಕಿಗೆ, ಚಂದ್ರಂಕಿಯಿಂದ ಹುಳುವಿಗೆ ಹೋಗುತ್ತಲೇ ಇತ್ತು. ಯಾವ ಹೊತ್ತಿನಲ್ಲಿ ಭಯ ಹೋಯಿತೋ ನನಗೆ ಗೊತ್ತಾಗಲಿಲ್ಲ, ಅದಕ್ಕೆ ಪುರುಸೊತ್ತೇ ಇರಲಿಲ್ಲ.

ಕೊನೆಯ ಚಂದ್ರಂಕಿ ಗೋಡೆಗೆ ಒರಗಿಸಿ ಹೊರಗೆ ಬಂದಾಗ ಹೊತ್ತು ಇಳಿದಿತ್ತು. ಒದ್ದೆ ಕೈಯಲ್ಲಿ ಮೊಬೈಲು ನೋಡಿದೆ. ಎರಡು ಕರೆ ಮಂಗಳನದು. ಡೇರಿಯಲ್ಲಿ ಸಂಜೆಯ ಹಾಲು ಅಳೆಯಲು ಹೋಗಿದ್ದವಳು ಬೀಗದ ಕೈ ಕೇಳಲು ಮಾಡಿದ್ದಳು. ಒಂದು ಟ್ಯಾಂಕರ್ ಚಾಲಕನದು. ಕೊನೆಯದು ಬೋರಣ್ಣನದು. ವಾಪಸು ಮಾಡಿದರೆ ಅವನು ಎತ್ತಲಿಲ್ಲ. ನಾನು ಜಗಲಿಯ ಮೇಲೆ, ಬೇರೆಯವರ ಲುಂಗಿಯಲ್ಲಿ, ಕೂತುಬಿಟ್ಟೆ. ಅಷ್ಟರಲ್ಲಿ ಕೆರೆ ಏರಿಯ ಕಡೆಯಿಂದ ಹಾರನ್ ಕೇಳಿತು. ಟೆಂಪೊ ಊರೊಳಗೆ ಬರುವವರೆಗೂ ಹಾರನ್ ನಿಲ್ಲಲಿಲ್ಲ. ಸೋತವರು ಹಾರನ್ ಹೊಡೆಯುವುದಿಲ್ಲ ಎಂಬುದು ಚಪ್ಪಲಿ ಕಾಯುವ ದಿನಗಳಿಂದ ನನಗೆ ಗೊತ್ತು.

ಗೆದ್ದಿರಲಿಲ್ಲ. ಒಂದಕ್ಕೊಂದು, ಸಮ. ಇಮ್ರಾನ್ ಒಂದು ಗೋಲು ಹಾಕಿದ, ಅವರು ಒಂದು ಹಾಕಿದರು. ಕೊನೆಯ ಗಳಿಗೆಯಲ್ಲಿ ಅವರಿಗೆ ಪೆನಾಲ್ಟಿ ಸಿಕ್ಕಿತು. ಸಿದ್ದರಾಜು ಎಡಕ್ಕೆ ಹಾರಿ ಅದನ್ನು ಹಿಡಿದ. ಬಡಿದು ಆಚೆಗೆ ತಳ್ಳಿದ್ದಲ್ಲ, ಎರಡೂ ಕೈಯಲ್ಲಿ ಹಿಡಿದು ಎದೆಗೆ ಅವುಚಿಕೊಂಡ. ಇದನ್ನು ಬೋರಣ್ಣ ಎರಡೂ ತೋಳು ಎದೆಗೆ ಅವುಚಿ ತೋರಿಸಿದ. ಪುಟ್ಟತಾಯಮ್ಮ ಮಗನ ಮಂಡಿಯ ಮಣ್ಣು ಕೊಡವುತ್ತ, “ಅರ್ಧ ಮನ್ಸು ಹುಳದ್ ಮೇಲಿದ್ರೆ ಹಿಡಿಯಾಕಾಯ್ತಿತ್ತೇನ್ಲಾ? ಸೆಕ್ರೆಟ್ರಿ ಇದ್ರು, ಅದಕ್ಕೇಯ,” ಎಂದರು. ನಾನು ಬಹಳ ಪ್ರಶಸ್ತಿ ಪತ್ರ ಓದಿದ್ದೇನೆ, ಡೇರಿಗೆ ಬಂದದ್ದು. ನನಗೇ ಬಂದದ್ದು ಇದೊಂದೇ. ಆ ರಾತ್ರಿ ಊಟದಲ್ಲಿ ಮಂಗಳ ಹುರುಳಿಸಾರು ಮಾಡಿದ್ದಳು. ಬೇಕೆಂದೇ ಮಾಡಿದ್ದಳು. ಎರಡು ಸಲ ಬಡಿಸಿಕೊಂಡೆ.

ಕ್ಲಬ್ಬಿನ ಹೆಸರು ಉಳಿಯಿತು. ಈಗ ಡೇರಿಯ ಗೋಡೆಯ ಮೇಲೆ ಕ್ಯಾಲೆಂಡರಿನ ಬದಲು ಮುಯ್ಯಾಳಿನ ಪಟ್ಟಿ ಇದೆ. ಯಾರ ಮನೆಗೆ ಯಾರು ಹೋದರು, ಯಾರು ಯಾರಿಗೆ ಒಂದು ದಿನ ತಿರುಗಿ ಕೊಡಬೇಕು ಎಂದು ಹೆಂಗಸರೇ ಬರೆಯುತ್ತಾರೆ. ಕಪ್ಪಿನಲ್ಲಿ ಬಾಟಲಿ ಇಡುವುದನ್ನು ನಿಲ್ಲಿಸಿದ್ದೇವೆ. ಅದರಲ್ಲಿ ಈಗ ನಾನು ತುಂಬಿದ ಮೊದಲ ಚಂದ್ರಂಕಿಯ ನಾಲ್ಕು ಗೂಡುಗಳಿವೆ. ಜಾಳು ಗೂಡು, ಮಾರಾಟಕ್ಕೆ ಬಾರದವು, ಅದಕ್ಕೇ ಪುಟ್ಟತಾಯಮ್ಮ ನನಗೆ ಕೊಟ್ಟರು.

ಮುಂದಿನ ಪಂದ್ಯಕ್ಕೆ ನಾನು ಅಂಗಿಗೆ ಇಸ್ತ್ರಿ ಹಾಕಿಸಿ ಸಿದ್ಧನಾಗಿದ್ದೆ. ಹಿಂದಿನ ದಿನ ಸಿದ್ದರಾಜು ಬಂದು ಕಿಟಕಿಯ ಮುಂದೆ ತಲೆ ಕೆರೆದುಕೊಂಡು ನಿಂತ. ಹುಡುಗರೆಲ್ಲ ಮಾತಾಡಿಕೊಂಡಿದ್ದಾರಂತೆ. ಹೋದ ಸಲ ನಾನು ಮೈದಾನಕ್ಕೆ ಹೋಗಿರಲಿಲ್ಲ, ಟೀಮು ಸೋಲಲಿಲ್ಲ. ಈ ಸಲವೂ ನಾನು ಅವರ ಮನೆಯ ಹುಳುವನ್ನೇ ನೋಡಿಕೊಂಡರೆ ಟೀಮಿಗೆ ಒಳ್ಳೆಯದಂತೆ. ಮೇಲಾಗಿ ಅವರಮ್ಮ ನನಗೆ ಒಂದು ದಿನದ ಮುಯ್ಯಿ ತೀರಿಸಬೇಕು, ನನ್ನ ಕೆಲಸವನ್ನು ಅವರು ಮಾಡಿಬರುತ್ತಾರಂತೆ. ಹಾಗಾಗಿ ಆ ಭಾನುವಾರ ಪುಟ್ಟತಾಯಮ್ಮ ಕೊರಳಿಗೆ ವಿಷಲ್ ಹಾಕಿಕೊಂಡು ಮ್ಯಾನೇಜರ್ ಕುರ್ಚಿಯಲ್ಲಿ ಕೂತರು, ನಾನು ಅವರ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ. ಎರಡು ಗೋಲಿನಿಂದ ಗೆದ್ದು ಬಂದರು. ಊರಿಗೆ ಹೊಸಬರು ಯಾರಾದರೂ ಬಂದು ಕೈಲಾಂಚ ಯುನೈಟೆಡ್ ಕಟ್ಟಿ ನಿಲ್ಲಿಸಿದ ಮ್ಯಾನೇಜರ್ ಯಾರು ಎಂದು ಕೇಳಿದರೆ ಜನ ಇವತ್ತಿಗೂ ನನ್ನನ್ನೇ ತೋರಿಸುತ್ತಾರೆ. ನಾನು ತಿನ್ನುತ್ತಿದ್ದ ಬೋಂಡಾ ಕೆಳಗಿಟ್ಟು, ಹೆಮ್ಮೆಯಿಂದ ತಲೆ ಎತ್ತಿ ಅತ್ತಿತ್ತ ನೋಡುತ್ತೇನೆ. ಪುಟ್ಟತಾಯಮ್ಮ ಹತ್ತಿರದಲ್ಲಿದ್ದರೆ, “ಸೆಕ್ರೆಟ್ರಿ ಹಣ್ಣಾದ್ರು, ಎತ್ತಿ ಚಂದ್ರಂಕಿಗೆ ಬುಡಿ,” ಎನ್ನುತ್ತಾರೆ.